ಹೋಲಿಕೆಗೆ ಇಟ್ಟ ಇಲಿ ಏನು ತಿನ್ನುತ್ತಿತ್ತು?

ಬಳ್ಳಾರಿಯಲ್ಲಿ ನನ್ನ ಹತ್ತಿರ ಸಕ್ಕರೆ ಕಾಯಿಲೆಗೆ ಬರುವ ಜೀನ್ಸ್ ಹೊಲಿಗೆಯವರಲ್ಲಿ ಕೆಲವರು ನಲವತ್ತೈದಕ್ಕೇ ಅರವತ್ತು ದಾಟಿದವರ ಹಾಗೆ ಕಾಣುತ್ತಾರೆ. ದಿನವಿಡೀ ಮಷಿನ್ ಮುಂದೆ ಕೂತಿರುತ್ತಾರೆ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ನಡುನಡುವೆ ಗುಟ್ಕಾ. ಆರ್ಡರ್ ಜಾಸ್ತಿ ಇದ್ದರೆ ನಿದ್ದೆಯೂ ಇಲ್ಲ. ಇದರಲ್ಲಿ ಮುಪ್ಪು ತಂದದ್ದು ಯಾವುದು? ಬಿಡಿಸಿ ಹೇಳಲು ಆಗುವುದಿಲ್ಲ. ಒಂದೊಂದೇ ಚಟವನ್ನು ಬೇರೆ ಮಾಡಿ ಮನುಷ್ಯರನ್ನು ನಲವತ್ತು ವರ್ಷ ಕೂಡಿಹಾಕಲು ಬರುತ್ತದಾ?

ಅದಕ್ಕೇ ಇಲಿ ಬೇಕು. ಪ್ರಯೋಗಾಲಯದ ಸುಂಡಿಲಿ ಬದುಕುವುದು ಎರಡು-ಮೂರು ವರ್ಷ. 24 ತಿಂಗಳ ಇಲಿ ಅಂದರೆ ನಮ್ಮಲ್ಲಿ ಎಪ್ಪತ್ತರ ಅಜ್ಜ ಇದ್ದಂತೆ. ತಳಿ ಒಂದೇ, ಗೂಡು ಒಂದೇ. ಊಟವನ್ನೋ ಓಡಾಟವನ್ನೋ ಮಾತ್ರ ಬದಲಿಸಿ, ಹಿಡಿತದ ಬಲ, ನಡಿಗೆ, ಲಿವರ್ ಹೇಗಾಯಿತು ಅಂತ ನೋಡುತ್ತಾರೆ.

ಆದರೆ ಇಲ್ಲೊಂದು ತೊಡಕಿದೆ. ಕೊಬ್ಬಿನ ಪ್ರಯೋಗದಲ್ಲಿ ಇಲಿಗೆ ಕೊಡುವ ತಿನಿಸಿನಲ್ಲಿ ಎಷ್ಟೋ ಸಲ 60% ಕ್ಯಾಲೊರಿ ಕೊಬ್ಬಿನಿಂದಲೇ ಬರುತ್ತದೆ. ಅನ್ನ, ರೊಟ್ಟಿ ಉಣ್ಣುವ ನಾವು ಎಷ್ಟು ಮಿರ್ಚಿ ತಿಂದರೂ ಅಲ್ಲಿಗೆ ಮುಟ್ಟುವುದು ಕಷ್ಟ. ಇನ್ನು ಹೋಲಿಕೆಗೆ ಇಟ್ಟ "ಆರೋಗ್ಯವಂತ" ಇಲಿ? ಅದೂ ಗೂಡಲ್ಲಿ ಸುಮ್ನೆ ಬಿದ್ದುಕೊಂಡು ಹೊಟ್ಟೆ ತುಂಬ ತಿನ್ನುತ್ತಿರುತ್ತದೆ. ಅದನ್ನು ಆರೋಗ್ಯವಂತ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮಂಗಗಳ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಮೆರಿಕದಲ್ಲಿ ಎರಡು ಕಡೆ ರೀಸಸ್ ಮಂಗಗಳಿಗೆ ಸುಮಾರು 30% ಊಟ ಕಡಿಮೆ ಮಾಡಿ ದಶಕಗಳ ಕಾಲ ಗಮನಿಸಿದರು. ಕಡಿಮೆ ತಿಂದರೆ ಮುಪ್ಪಿನ ರೋಗದಿಂದ ಸಾಯುವುದು ಕಡಿಮೆ ಅಂತ 2009ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹೇಳಿದರು. ಆಯಸ್ಸೇನೂ ಹೆಚ್ಚಲಿಲ್ಲ ಅಂತ 2012ರಲ್ಲಿ ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯವರು ಹೇಳಿದರು. ಯಾರು ತಪ್ಪು? ಯಾರೂ ಅಲ್ಲ. ವಿಸ್ಕಾನ್ಸಿನ್‌ನ ತಿನಿಸಿನಲ್ಲಿ ಸಕ್ಕರೆ 28%ಕ್ಕೂ ಜಾಸ್ತಿ. ಹೋಲಿಕೆಯ ಮಂಗಗಳು ಬೇಕಾದಷ್ಟು ತಿಂದು ದಪ್ಪಗಾಗಿದ್ದವು. ಇನ್ನೊಂದು ಕಡೆ ಸಕ್ಕರೆ 4%ಕ್ಕಿಂತ ಕಡಿಮೆ, ಹೋಲಿಕೆಯ ಮಂಗಗಳಿಗೂ ಅಳತೆಯ ಊಟ. 2017ರಲ್ಲಿ ಎರಡೂ ತಂಡ ಒಟ್ಟಿಗೆ ಕೂತು ಇದನ್ನು ಬಿಡಿಸಿ ಬರೆದವು. ಮೊದಲೇ ಮಿತವಾಗಿ ಉಣ್ಣುವವನಿಗೆ ಇನ್ನಷ್ಟು ಉಪವಾಸದಿಂದ ಸಿಗುವುದು ಕಡಿಮೆ ಅಂತ ನಾನು ಇದನ್ನು ಓದಿಕೊಂಡಿದ್ದೇನೆ.

ಉಣ್ಣುವ ಹೊತ್ತಿನ ವಿಷಯದಲ್ಲಿ ಇಲಿಯಿಂದ ನಿಜಕ್ಕೂ ಉಪಕಾರವಾಗಿದೆ. 2012ರಲ್ಲಿ ಅಮೆರಿಕದ ಸಾಲ್ಕ್ ಸಂಶೋಧನಾ ಸಂಸ್ಥೆಯಲ್ಲಿ ಸಚ್ಚಿದಾನಂದ ಪಾಂಡಾ ಅವರ ತಂಡ ಎರಡು ಗುಂಪಿಗೂ ಅದೇ ಕೊಬ್ಬಿನ ತಿನಿಸು ಕೊಟ್ಟಿತು. ಒಂದಕ್ಕೆ ಹಗಲೂ ರಾತ್ರಿ, ಇನ್ನೊಂದಕ್ಕೆ ರಾತ್ರಿ ಎಂಟು ಗಂಟೆ ಮಾತ್ರ. ಇಲಿ ರಾತ್ರಿ ಓಡಾಡುವ ಪ್ರಾಣಿ, ಅದಕ್ಕೆ ಅದೇ ಹಗಲು. ಒಟ್ಟು ತಿಂದ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಆದರೂ ಎರಡನೇ ಗುಂಪು ಅಷ್ಟು ದಪ್ಪ ಆಗಲಿಲ್ಲ, ಲಿವರ್ ಕೂಡ ಚೆನ್ನಾಗಿತ್ತು.

ಇಲಿಯದ್ದಷ್ಟೇ ಆಗಿದ್ದರೆ ನಾನು ರೋಗಿಗಳ ಮುಂದೆ ಎತ್ತುತ್ತಿರಲಿಲ್ಲ. 2021ರಲ್ಲಿ 19 ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿ ರಾತ್ರಿಪಾಳಿಯ ಹಾಗೆ ಇಟ್ಟು ನೋಡಿದರು. ರಾತ್ರಿ ಉಂಡವರ ರಕ್ತದ ಸಕ್ಕರೆ ಏರಿತು, ಹಗಲಲ್ಲಷ್ಟೇ ಉಂಡವರದ್ದು ಏರಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದಲೋ ಶಕ್ತಿನಗರದಿಂದಲೋ ಬರುವ ರಾತ್ರಿಪಾಳಿಯವರಿಗೆ ನಾನು ಹೇಳುವುದು ಇಷ್ಟು: ದೊಡ್ಡ ಊಟ ಪಾಳಿಗೆ ಹೋಗುವ ಮುಂಚೆ ಸಂಜೆಗೇ ಮುಗಿಸಿ, ನಡುರಾತ್ರಿ ಕ್ಯಾಂಟೀನಿನ ಅನ್ನ-ಸಾಂಬಾರು ಬಿಡಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ತಮ್ಮ ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು.