ಸ್ವಂತ ಟಿಪ್ಪರ್ ಹಾಕಲಾ, ಬೇಡವಾ? ಸಂಡೂರಿನ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ಅಣ್ಣಾ, ನಾನು ಸಂಡೂರು ತಾಲೂಕಿನವನು. ಏಳು ವರ್ಷದಿಂದ ಬೇರೆಯವರ ಟಿಪ್ಪರ್ ಓಡಿಸ್ತಿದ್ದೀನಿ. ಹೆವಿ ಲೈಸೆನ್ಸ್ ಐತಿ. ಅಪ್ಪನ ಎರಡೆಕರೆ ಮಾರಿದ್ದು ಹನ್ನೆರಡು ಲಕ್ಷ ಕೈಯಾಗ ಐತಿ. ಫೈನಾನ್ಸ್‌ನವರು ಉಳಿದಿದ್ದಕ್ಕೆ ಸಾಲ ಕೊಡ್ತೀವಿ ಅಂತಾರೆ. ಹತ್ತು ಚಕ್ರದ ಹೊಸ ಗಾಡಿ ಹಾಕಿ ನಾನೇ ಓಡಿಸಿದ್ರೆ ಬದುಕಬಹುದಾ? ಹೇಳ್ರಿ.

ಉತ್ತರ: ತಮ್ಮಾ, ಬದುಕಬಹುದು. ಆದರೆ ನಿನ್ನ ಪ್ರಶ್ನೆಯಲ್ಲಿ ಗಾಡಿ ಇದೆ, ಸಾಲ ಇದೆ, ಡ್ರೈವರ್ ಇದ್ದಾನೆ. ಲೋಡ್ ಯಾರು ಕೊಡುತ್ತಾರೆ, ಎಷ್ಟು ಟನ್, ಎಷ್ಟು ದೂರ ಅನ್ನೋದೇ ಇಲ್ಲ. ನನಗೆ ವಾರಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ, ಎಲ್ಲರೂ ಷೋರೂಮಿನಿಂದಲೇ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಕಾಟಾದಿಂದ, ಅಂದರೆ ಗಾಡಿ ತೂಗುವ ಜಾಗದಿಂದ.

ಹತ್ತು ಚಕ್ರದ ಗಾಡಿಯ ಒಟ್ಟು ತೂಕ, ಅಂದರೆ ಗಾಡಿ ಮತ್ತು ಮಾಲು ಸೇರಿ, 28 ಟನ್ ಆಸುಪಾಸು. ಬಾಡಿ ಸೇರಿ ಖಾಲಿ ಗಾಡಿಯೇ ಹನ್ನೊಂದೂವರೆ, ಹನ್ನೆರಡು ಟನ್ ತೂಗುತ್ತದೆ. ಅಂದರೆ ಕಾಯ್ದೆ ಪ್ರಕಾರ ನೀನು ಹೊರಬಹುದಾದ ಮಾಲು ಹದಿನಾರು, ಹದಿನಾರೂವರೆ ಟನ್. ನಿನ್ನ ಬದುಕು ನಿಲ್ಲಬೇಕಾದದ್ದು ಈ ಹದಿನಾರು ಟನ್ನಿನ ಮೇಲೆ.

ಈಗ ಲೆಕ್ಕ ಹಾಕೋಣ. ಹೊಸ ಗಾಡಿ ರಸ್ತೆಗಿಳಿಯುವ ಹೊತ್ತಿಗೆ 40 ಲಕ್ಷ ದಾಟುತ್ತದೆ. ಹತ್ತು ಲಕ್ಷ ಕೈಯಿಂದ ಕಟ್ಟಿ 30 ಲಕ್ಷ ಸಾಲ ತಗೊಂಡೆ ಎನ್ನು. ಶೇಕಡ 12ರ ಬಡ್ಡಿ, 48 ಕಂತು ಅಂದರೆ ತಿಂಗಳಿಗೆ 79,000 ರೂಪಾಯಿ. ಕಬ್ಬಿಣದ ಅದಿರು ಹೊರುತ್ತೀ ಎನ್ನು, ಗಣಿಯಿಂದ ಪ್ಲಾಂಟಿಗೆ 30 ಕಿಲೋಮೀಟರ್, ಹೋಗಿ ಬರೋದು 60. ದರ ನಿನ್ನ ರೂಟಿಂದು ಹಾಕಿಕೋ, ನಾನು ಲೆಕ್ಕಕ್ಕೆಂದು ಟನ್ನಿಗೆ 200 ಇಟ್ಟುಕೊಳ್ಳುತ್ತೇನೆ. ಒಂದು ಟ್ರಿಪ್ಪಿಗೆ 3,200 ಬಂತು. ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ 20 ಲೀಟರ್ ಡೀಸೆಲ್, ಲೀಟರಿಗೆ 90ರಂತೆ 1,800 ಹೋಯಿತು. ಹೊಗೆ ಶುದ್ಧಿಗೆ ಗಾಡಿಗೆ ಹಾಕುವ ಯೂರಿಯಾ ದ್ರಾವಣ, ಚಹಾ, ಊಟ, ದಾರಿ ಖರ್ಚು 200. ಉಳಿದದ್ದು 1,200. ಕಂತು ಒಂದಕ್ಕೇ 66 ಟ್ರಿಪ್ ಬೇಕು. ಟೈರು, ಇನ್ಶೂರೆನ್ಸ್, ಸರ್ವೀಸ್ ಸೇರಿ ತಿಂಗಳಿಗೆ 36,000 ಎತ್ತಿಡಬೇಕು ಅಂದರೆ ಇನ್ನೂ 30 ಟ್ರಿಪ್. 96 ಟ್ರಿಪ್ ಮುಗಿದ ಮೇಲೆ ಮನೆಗೆ ಮೊದಲ ರೂಪಾಯಿ. ಲೋಡಿಂಗ್ ಸಾಲು, ಅನ್‌ಲೋಡಿಂಗ್ ಸಾಲು ನೀನೇ ನೋಡಿದವನು. ದಿನಕ್ಕೆ ಮೂರು ಟ್ರಿಪ್ ಹೊಡೆದರೂ 25 ದಿನಕ್ಕೆ 75.

ಟೈರಿನ ಖರ್ಚು ಜಾಸ್ತಿ ಹಿಡಿದೆ ಅನ್ನಿಸಬಹುದು. ಹತ್ತೂ ಟೈರ್ ಒಮ್ಮೆ ಬದಲಿಸಿದರೆ ಎರಡು ಲಕ್ಷ ದಾಟುತ್ತದೆ, ಗಣಿ ದಾರಿಯ ಚೂಪು ಕಲ್ಲಿನ ಮೇಲೆ ಅವು ಎಷ್ಟು ದಿನ ಬಾಳುತ್ತವೆ ಅನ್ನೋದು ನಿನಗೇ ಗೊತ್ತು. ಈಗಿನ ಮಾಲೀಕರು ಟೈರಿನ ಬಿಲ್ಲನ್ನು ನಿನಗೆ ತೋರಿಸಿರಲಿಕ್ಕಿಲ್ಲ ಅಷ್ಟೆ.

ಈ ಲೆಕ್ಕ ಕೂಡಿಬರದಿದ್ದಾಗಲೇ ಓವರ್‌ಲೋಡ್ ಆಸೆ ಹುಟ್ಟುತ್ತದೆ. ಅದಿರಿನಲ್ಲಿ ಆ ಆಸೆ ದೊಡ್ಡದು, ಯಾಕೆಂದರೆ ಅದಿರು ಕಣ್ಣಿಗೆ ಮೋಸ ಮಾಡುತ್ತದೆ. ಹದಿನಾರು ಟನ್ ಜೆಲ್ಲಿ ತುಂಬಿದರೆ ಬಾಡಿಯ ಮುಕ್ಕಾಲಿನ ಹತ್ತಿರ ಬರುತ್ತದೆ. ಅದೇ ಹದಿನಾರು ಟನ್ ಅದಿರು ಬಾಡಿಯ ಅರ್ಧಕ್ಕೂ ಬರುವುದಿಲ್ಲ. ಲೋಡರ್‌ನವನು ಮೇಲಿಂದ ನೋಡಿ ‘ಇನ್ನೊಂದು ಬಕೆಟ್ ಹಾಕ್ಲಾ?’ ಅಂತಾನೆ. ಖಾಲಿ ಕಾಣುವ ಬಾಡಿ ನೋಡಿ ನಿನ್ನ ಜೀವವೂ ಹೂಂ ಅನ್ನುತ್ತದೆ. ಎಂಟು ಟನ್ ಹೆಚ್ಚು ಹಾಕಿದರೆ ಟ್ರಿಪ್ಪಿಗೆ 1,600 ಹೆಚ್ಚು. ಸಿಕ್ಕಿಬಿದ್ದರೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಎಂಟು ಟನ್ನಿಗೆ 36,000 ಆಯಿತು. ಮಾಲು ಇಳಿಸುವ ಖರ್ಚೂ ನಿನ್ನದೇ. ದಂಡಕ್ಕಿಂತ ನನಗೆ ಭಯ ಇಳಿಜಾರಿನದು. ಸಂಡೂರು ಘಾಟಿಯಲ್ಲಿ 36 ಟನ್ ಗಾಡಿಯನ್ನು ಹಿಡಿದು ನಿಲ್ಲಿಸುವ ಬ್ರೇಕು 28 ಟನ್ನಿಗೆ ಮಾಡಿದ್ದು. ಎದುರಿನಿಂದ ಬರುವ ಬೈಕಿನಲ್ಲಿ ನಮ್ಮೂರ ಹುಡುಗರೇ ಇರುತ್ತಾರೆ. ಹದಿನಾರು ಟನ್ನಿಗೆ ಲೆಕ್ಕ ಕೂಡದ ಗಾಡಿಯನ್ನು ತಗೊಳ್ಳಲೇಬೇಡ.

ನಮ್ಮ ಮನೆಯ ಕಥೆ ಹೇಳುತ್ತೇನೆ. 2009ರಲ್ಲಿ ನಮ್ಮಣ್ಣ ಎರಡು ಲಾರಿ ಹಾಕಿದ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ, ಗಾಡಿ ಇದ್ದವನಿಗೆ ನಿದ್ದೆ ಇರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮರುದಿನ ಭೀಮನ ಅಮಾವಾಸ್ಯೆ. ಗಾಡಿ ಪೂಜೆಗೆ ಅಂತ ಅವ್ವ ಕುಂಬಳಕಾಯಿ ತರಿಸಿಟ್ಟಿದ್ದಳು. ಪೂಜೆ ಮಾಡಿದೆವು, ಕಾಯಿ ಒಡೆದೆವು, ಗಾಡಿ ಮಾತ್ರ ಹೊರಡಲಿಲ್ಲ. ತಿಂಗಳುಗಟ್ಟಲೆ ಮನೆ ಮುಂದೆ ನಿಂತವು, ಟೈರಿನ ಸುತ್ತ ಹುಲ್ಲು ಬೆಳೆಯಿತು. ಕಂತು ಮಾತ್ರ ತಿಂಗಳು ತಪ್ಪದೆ ಬಾಗಿಲಿಗೆ ಬಂತು. 2012ರಲ್ಲಿ ಫೈನಾನ್ಸ್‌ನವರು ಎರಡನ್ನೂ ಎಳೆದುಕೊಂಡು ಹೋದರು, ಸಿಕ್ಕ ಬೆಲೆಗೆ ಮಾರಿ ಉಳಿದ ಬಾಕಿಗೆ ಅಣ್ಣನ ಮೇಲೆಯೇ ಕೇಸು ಹಾಕಿದರು. ಅಣ್ಣ ಕಂತಿನ ಲೆಕ್ಕ ಹಾಕಿದ್ದ. ಗಾಡಿ ನಿಲ್ಲುವ ದಿನದ ಲೆಕ್ಕ ಹಾಕಿರಲಿಲ್ಲ.

2013ರ ಏಪ್ರಿಲ್‌ನಲ್ಲಿ ಕೋರ್ಟು ಅಕ್ರಮ ಹೆಚ್ಚು ನಡೆದಿದ್ದ ‘ಸಿ’ ವರ್ಗದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವಕ್ಕೆ ವರ್ಷಕ್ಕಿಷ್ಟೇ ತೆಗೆಯಬೇಕೆಂಬ ಮಿತಿ ಹಾಕಿತು. ಆ ಮಿತಿ 2022ರ ಆಗಸ್ಟ್‌ನಲ್ಲಿ ಬಳ್ಳಾರಿಗೆ 2.8 ಕೋಟಿಯಿಂದ 3.5 ಕೋಟಿ ಟನ್ನಿಗೆ ಏರಿತು. ಕೆಲಸ ಹೆಚ್ಚಿತು ಅನ್ನೋದು ನಿಜ. ಹಾಗಂತ ಅಷ್ಟೂ ಅದಿರು ಟಿಪ್ಪರಿಗೇ ಬರುವುದಿಲ್ಲ. ರೈಲಿದೆ, ನಂದಿಹಳ್ಳಿ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪೈಪ್ ಕನ್ವೇಯರ್ ಇದೆ. ಬೆಲ್ಟ್ ಮೇಲೆ ಹೋಗುವ ಅದಿರಿಗೆ ಡ್ರೈವರೂ ಬೇಡ, ಡೀಸೆಲೂ ಬೇಡ. ಆದ್ದರಿಂದ ಒಂದೇ ಗಣಿ, ಒಂದೇ ಪ್ಲಾಂಟು ನಂಬಿ ಗಾಡಿ ಹಾಕಬೇಡ. ಕುಡುತಿನಿ ಥರ್ಮಲ್‌ನ ಬೂದಿ, ರಾಯಚೂರು ಕಡೆ ಹೋದರೆ ಶಕ್ತಿನಗರದ ಬೂದಿ, ಕ್ರಷರಿನ ಜೆಲ್ಲಿ, ಎಂ-ಸ್ಯಾಂಡ್, ರಸ್ತೆ ಕೆಲಸದ ಗರಸು, ಕಾಲುವೆಗೆ ನೀರು ಬಿಡುವ ಮೊದಲಿನ ಮಣ್ಣಿನ ಕೆಲಸ, ಇವುಗಳಲ್ಲಿ ಎರಡಾದರೂ ನಿನ್ನ ಕೈಯಲ್ಲಿರಲಿ. ಅದಿರು ನಿಂತ ತಿಂಗಳು ಜೆಲ್ಲಿ ನಿನ್ನ ಕಂತು ಕಟ್ಟಬೇಕು.

ನನ್ನ ಸಲಹೆ ಕೇಳಿದರೆ ನಿನ್ನ ಮೊದಲ ಗಾಡಿ ಹಳೇದೇ ಆಗಲಿ. ಐದಾರು ವರ್ಷದ್ದು, ಕಂತು 40,000ದ ಒಳಗೆ ಬರುವಂಥದ್ದು. ಆದರೆ ನಮ್ಮ ಕಡೆಯ ಹಳೇ ಗಾಡಿಗಳೆಲ್ಲ ಕೆಂಪು ಧೂಳು ಕುಡಿದವು, ಬಣ್ಣ ನೋಡಿ ಮರುಳಾಗಬೇಡ. ಬಾಡಿ ಪೂರ್ತಿ ಎತ್ತಿಸು. ಕೆಳಗೆ ಮರದ ದಿಮ್ಮಿಯನ್ನೋ ಸ್ಟ್ಯಾಂಡನ್ನೋ ಕೊಡದೆ ತಲೆ ಹಾಕಬೇಡ, ಹಾಗೆ ಸತ್ತವರಿದ್ದಾರೆ. ಬಾಡಿ ಎತ್ತುವ ಜಾಕಿನ ಬುಡದಲ್ಲಿ ಎಣ್ಣೆ ಜಿನುಗುತ್ತಿದೆಯಾ, ಚಾಸಿಯ ಮೇಲೆ ಉಗುರು ಓಡಿಸಿದರೆ ಹೊಸ ಬಣ್ಣದಡಿ ವೆಲ್ಡಿಂಗ್ ಗೆರೆ ಸಿಗುತ್ತದಾ ನೋಡು. ಭಾರ ತಡೆಯುವ ಸ್ಪ್ರಿಂಗಿನ ಪಟ್ಟಿಗಳು, ಅಂದರೆ ಹಿಂದಿನ ಕಮಾನ್ ಪ್ಲೇಟುಗಳಲ್ಲಿ ಒಂದೆರಡು ಮಾತ್ರ ಹೊಸದಾಗಿದ್ದರೆ ಆ ಗಾಡಿ ಓವರ್‌ಲೋಡ್ ತಿಂದಿದೆ ಎಂದೇ ಲೆಕ್ಕ. ಬಾಡಿ ಎತ್ತಿ ಹತ್ತು ನಿಮಿಷ ಹಾಗೇ ಬಿಡು. ಅದು ತಾನಾಗಿ ಇಳಿಯತೊಡಗಿದರೆ ಮಾರುವ ಧಣಿಗಳಿಗೆ ನಮಸ್ಕಾರ ಹೇಳಿ ಎದ್ದು ಬಾ.

ಕಾಗದ ಪತ್ರದಲ್ಲಿ ಆರ್‌ಸಿ ಮೇಲಿನ ಸಾಲ ತೀರಿದೆಯಾ, ಬಾಕಿ ಇಲ್ಲ ಅನ್ನೋ ಫೈನಾನ್ಸ್‌ನವರ ಪತ್ರ (ಎನ್‌ಒಸಿ) ಇದೆಯಾ, ಚಲನ್ ಬಾಕಿ ಇದೆಯಾ ಅಂತ ಎಂಪರಿವಾಹನ್ ಆ್ಯಪಿನಲ್ಲಿ ನೋಡು, ಆರ್‌ಟಿಒ ಕಚೇರಿಯಲ್ಲೂ ಒಮ್ಮೆ ಕೇಳು. ಎಂಟು ವರ್ಷದವರೆಗೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನೋ ಪ್ರಮಾಣಪತ್ರ) ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ. ಥರ್ಡ್ ಪಾರ್ಟಿ ಇನ್ಶೂರೆನ್ಸೇ 2022ರ ದರಪಟ್ಟಿಯಂತೆ 20ರಿಂದ 40 ಟನ್ನಿನ ಗಾಡಿಗೆ 43,950, ತೆರಿಗೆ ಬೇರೆ. ಓಡಿಸುವವನು ನೀನೇ ಆದ್ದರಿಂದ ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ ಬಿಡಬೇಡ, ಕ್ಲೀನರ್ ಹೆಸರಿಗೂ ಹಣ ಕಟ್ಟು. ಖನಿಜ ಹೊರುವುದಾದರೆ ಜಿಪಿಎಸ್, ತಾಡಪಾಲು, ಗಣಿ ಇಲಾಖೆಯ ಪರ್ಮಿಟ್ಟು ಇರಲೇಬೇಕು. ಪರ್ಮಿಟ್ಟಿಲ್ಲದ ಮಾಲು ಸಿಕ್ಕರೆ ಗಾಡಿಯೇ ಸೀಜ್ ಆಗುತ್ತದೆ, ಮಾಲು ಕೊಟ್ಟವನು ಆಗ ಫೋನೂ ಎತ್ತುವುದಿಲ್ಲ. ಆದಾಯ ತೆರಿಗೆಯಲ್ಲಿ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರಿಗೆ ಅಂದಾಜು ಲೆಕ್ಕದ ಪದ್ಧತಿ ಇದೆ. ಭಾರೀ ವಾಹನಕ್ಕೆ ಟನ್ನಿಗೆ ತಿಂಗಳಿಗೆ 1,000ದಂತೆ, 28 ಟನ್ ಗಾಡಿಗೆ ತಿಂಗಳಿಗೆ 28,000 ಆದಾಯ ಎಂದು ತೋರಿಸಬಹುದು. ಟ್ರಾನ್ಸ್‌ಪೋರ್ಟಿನವರಿಗೆ ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಮುರಿಯುವುದಿಲ್ಲ.

ಇನ್ನು ಬಾಡಿಗೆ ವಸೂಲಿ. ಟ್ರಿಪ್ ಇವತ್ತು, ದುಡ್ಡು ಒಂದೆರಡು ತಿಂಗಳಿಗೆ. ಡೀಸೆಲ್ ಚೀಟಿ ಕೊಡುತ್ತಾರೆ, ಅದನ್ನು ಬಿಲ್ಲಿನಲ್ಲಿ ಮುರಿಯುತ್ತಾರೆ, ಕಮಿಷನ್ನೂ ಮುರಿಯುತ್ತಾರೆ. ನನ್ನ ನಾಲ್ಕು ತಿಂಗಳ ಬಾಡಿಗೆಯನ್ನು ಒಬ್ಬ ಟ್ರಾನ್ಸ್‌ಪೋರ್ಟಿನವರು ‘ಕಾಟಾ ಚೀಟಿ ಇಲ್ಲ’ ಅಂತ ಹಿಡಿದಿಟ್ಟರು. ಚೀಟಿಗಳನ್ನು ನಾನೇ ಅವರ ಆಫೀಸಿಗೆ ಕೊಟ್ಟು ಬಂದಿದ್ದೆ, ನಕಲು ಇಟ್ಟುಕೊಂಡಿರಲಿಲ್ಲ. ಅರ್ಧ ದುಡ್ಡೂ ಬರಲಿಲ್ಲ. ಕಾಟಾದಿಂದ ಇಳಿಯುವ ಮೊದಲೇ ಚೀಟಿಯ ಫೋಟೋ ತೆಗೆ, ದಿನಾಂಕ ಕಾಣುವಂತೆ. ಈ ಕಾರಣಕ್ಕೇ ಹನ್ನೆರಡು ಲಕ್ಷವನ್ನೂ ಗಾಡಿಗೆ ಸುರಿಯಬೇಡ. ಮೂರು ತಿಂಗಳ ಕಂತು, ಒಂದು ಜೋಡಿ ಟೈರು, ಒಂದು ತಿಂಗಳ ಡೀಸೆಲ್ ಇಷ್ಟು ಬ್ಯಾಂಕಿನಲ್ಲಿರಲಿ.

ಈಗಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಇನ್ನು ಮೂರು ತಿಂಗಳು ಈಗಿನ ಕೆಲಸ ಬಿಡಬೇಡ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಪ್ರತಿ ಟ್ರಿಪ್ಪಿನ ತೂಕ, ದೂರ, ಡೀಸೆಲ್, ಸಾಲಿನಲ್ಲಿ ನಿಂತ ಗಂಟೆ, ಗಾಡಿ ನಿಂತ ದಿನ ಎಲ್ಲ ಬರೆದಿಡು. ಬೇರೆಯವರ ಗಾಡಿಯ ಮೇಲೆ ಕಲಿತ ಲೆಕ್ಕಕ್ಕೆ ಖರ್ಚಿಲ್ಲ. ಆ ನೋಟ್‌ಬುಕ್ ಫೋಟೋ ತೆಗೆದು ನನಗೆ ಕಳಿಸು, ಗಾಡಿ ಯಾವುದು ಅನ್ನೋದನ್ನು ಆಮೇಲೆ ಇಬ್ಬರೂ ಕೂತು ನೋಡೋಣ.