ಹಂಚಿನ ಮನೆಯ ನೆತ್ತಿಯಂಥ ಗುಡ್ಡ: ಕಣಕುಂಬಿ, ಭೀಮಗಡ ಮತ್ತು ಮುಗಿಯದ ನೀರಿನ ಜಗಳ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುವ ಬಸ್ಸು ಜಾಂಬೋಟಿ ದಾಟಿತೆಂದರೆ, ಮಳೆಗಾಲದಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಹೊರಗೆ ಮಂಜು, ಒಳಗೆ ನೀರು ತೊಟ್ಟಿಕ್ಕುವ ಕೊಡೆಗಳು. ಕಣಕುಂಬಿ ಬಂದು ಹೋಗಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಕರ್ನಾಟಕ, ಗೋವಾ ವರ್ಷಗಟ್ಟಲೆ ಕಿತ್ತಾಡಿದ ನೀರು ಹುಟ್ಟುವುದು ಮಾತ್ರ ಈ ಮಂಜಿನಲ್ಲೇ.

ಇದನ್ನು ತಿಳಿಯಲು ನಕಾಶೆ ಬೇಡ. ಬಯಲುಸೀಮೆಯ ಮಾಳಿಗೆ ಮನೆ ಬಿಡಿ, ಖಾನಾಪುರದ ಹಂಚಿನ ಮನೆ ನೆನಪಿಸಿಕೊಳ್ಳಿ. ನೆತ್ತಿಯ ಮೇಲೆ ಬಿದ್ದ ಮಳೆ ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿತ್ತಲಿಗೆ ಇಳಿಯುತ್ತದೆ ಅಲ್ವಾ? ಈ ಗುಡ್ಡದ ಸಾಲು ಅಂಥದ್ದೇ ನೆತ್ತಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹೊರಡುತ್ತಾಳೆ. ನವಿಲುತೀರ್ಥದ ಡ್ಯಾಂ, ಪಟ್ಟದಕಲ್ಲಿನ ಗುಡಿಗಳು ದಾಟಿ, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ಖಾನಾಪುರ ತಾಲೂಕಿನ ದೇಗಾಂವ ಹತ್ತಿರ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯಾಗಿ ಪಣಜಿ ಹತ್ತಿರ ಕಡಲು ಕಾಣುತ್ತಾಳೆ. ಕಳಸಾ ಹಳ್ಳ ಇರುವುದು ಕಣಕುಂಬಿಯ ಪಕ್ಕದಲ್ಲೇ, ಆದರೆ ಅದರ ಇಳಿಜಾರು ಗೋವಾದ ಕಡೆ. ಬಂಡೂರಿಯೂ ಇಂಥದ್ದೇ ಇನ್ನೊಂದು ಹಳ್ಳ. ಒಂದು ಕಾಲುವೆ ತೋಡಿದರೆ ಹಿತ್ತಲ ನೀರು ಅಂಗಳಕ್ಕೆ ಬರುತ್ತದೆ. ಕಳಸಾ-ಬಂಡೂರಿ ಯೋಜನೆಯ ಲೆಕ್ಕ ಇಷ್ಟೇ.

ಲೆಕ್ಕ ಸುಲಭ, ಕೆಲಸ ಕಷ್ಟ. ಮಲಪ್ರಭೆಗೆ ನೀರು ಬೇಕು ಅನ್ನುವುದರಲ್ಲಿ ಸುಳ್ಳಿಲ್ಲ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ನರಗುಂದ, ನವಲಗುಂದದ ಹೊಲಗಳಿಗೂ ಒಂದೇ ಡ್ಯಾಂ ಆಸರೆ. ಅದು ತುಂಬಿದ ವರ್ಷಗಳು ಕಡಿಮೆ. 1989ರಲ್ಲಿ ಆಗಿನ ಮುಖ್ಯಮಂತ್ರಿಗಳಾದ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಮತ್ತು ಗೋವಾದ ಪ್ರತಾಪಸಿಂಗ್ ರಾಣೆ ಈ ಬಗ್ಗೆ ಮಾತಾಡಿದ್ದರು. 2002ರ ಏಪ್ರಿಲ್‌ನಲ್ಲಿ 7.56 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ತಿರುಗಿಸಲು ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವಾ ತಕರಾರು ಎತ್ತಿದ್ದೇ ತಡ, ಸೆಪ್ಟೆಂಬರ್‌ನಲ್ಲಿ ಕೇಂದ್ರವೇ ಅದನ್ನು ತಡೆಹಿಡಿಯಿತು. 2010ರಲ್ಲಿ ಜಗಳ ಬಗೆಹರಿಸಲು ಮಹದಾಯಿ ಜಲವಿವಾದ ನ್ಯಾಯಮಂಡಳಿ ಬಂತು. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿಗೆ ಕೂತರು, ವರ್ಷಗಳು ಉರುಳಿದರೂ ಏಳಲಿಲ್ಲ. ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತು. ಕೇಳುವುದಕ್ಕೆ ದೊಡ್ಡ ಸಂಖ್ಯೆ. ಅದರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಬರೀ 3.9: ಕಳಸಾದಿಂದ 1.72, ಬಂಡೂರಿಯಿಂದ 2.18. ಪಟಾಕಿ ಹೊಡೆಯುವಾಗ ಈ ಕೂಡು-ಕಳೆ ಯಾರೂ ಬಿಡಿಸಿ ಹೇಳಲಿಲ್ಲ. 2020ರಲ್ಲಿ ತೀರ್ಪು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಯಿತು. 2022ರ ಕೊನೆಗೆ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಯನ್ನು ಒಪ್ಪಿತು. ಆಮೇಲೆ ಗಾಡಿ ಸಿಕ್ಕಿಬಿದ್ದಿದ್ದು ಕಾಡಿನ ಅನುಮತಿಯಲ್ಲಿ.

ಆ ಕಾಡಿನ ಹೆಸರು ನಮ್ಮ ಕಡೆಯ ಭಾಷಣಗಳಲ್ಲಿ ಬರುವುದು ಅಪರೂಪ. ಭೀಮಗಡ ವನ್ಯಜೀವಿ ಧಾಮ ಘೋಷಣೆಯಾಗಿದ್ದು 2011ರ ಡಿಸೆಂಬರಿನಲ್ಲಿ, ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಹೆಸರು ಕೊಟ್ಟದ್ದು ಕಾಡಿನ ನಡುವಿನ ಕೋಟೆ. ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿ ಕಟ್ಟಿಸಿದ್ದು ಎನ್ನುತ್ತಾರೆ. ನನಗೆ ಕೋಟೆಗಿಂತ ಜಾಸ್ತಿ ಕುತೂಹಲ ತಳೇವಾಡಿ ಹತ್ತಿರದ ಬಾರಾಪೇಡೆ ಗವಿಗಳದ್ದು. ಸುಣ್ಣಕಲ್ಲಿನ ಈ ಗವಿಗಳಲ್ಲಿ ಒಂದು ಬಾವಲಿ ಇದೆ: ಚಾಕೊಲೇಟ್ ಬಣ್ಣದ ತುಪ್ಪಳ, ಕುತ್ತಿಗೆಯ ಹಿಂದೆ ಬೂದು ಪಟ್ಟಿ, ಮುಖ ಮುಚ್ಚುವಷ್ಟು ಮುಂದಕ್ಕೆ ಚಾಚಿದ ಕಿವಿ. ರಾಟನ್ನನ ಬಾವಲಿ ಎಂದು 1913ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಮೇಘಾಲಯ, ಕಾಂಬೋಡಿಯಾದಲ್ಲಿ ಸಿಗುವ ತನಕ ಸುಮಾರು ತೊಂಬತ್ತು ವರ್ಷ, ಜಗತ್ತಿನಲ್ಲಿ ಇದರ ವಿಳಾಸ ಅಂತ ಗೊತ್ತಿದ್ದದ್ದು ಖಾನಾಪುರ ತಾಲೂಕು ಒಂದೇ.

ಮಲಪ್ರಭೆಗೂ ಮಹದಾಯಿಗೂ ಮಳೆ ಹಿಡಿದಿಟ್ಟು ಕೊಡುವುದು ಇದೇ ಕಾಡು. ಕಾಲುವೆಗಾಗಿ ನೆತ್ತಿಯ ಮರ ಕಡಿದರೆ ನಷ್ಟ ಬರೀ ಗೋವಾಕ್ಕಲ್ಲ. ಹಾಗಂತ ಕಾಡು ಉಳಿಸಿ ಎನ್ನುವವರು ನರಗುಂದದ ರೈತನಿಗೆ ಏನು ಹೇಳುತ್ತಾರೆ ಎಂಬ ಪ್ರಶ್ನೆಯೂ ಸುಮ್ನೆ ಬಿಡುವಂಥದ್ದಲ್ಲ.

ಇವರಿಬ್ಬರ ಜಗಳದಲ್ಲಿ ಮರೆತುಹೋದವರು ಧಾಮದೊಳಗಿನ ಜನ. ಗವಾಳಿ, ಪಾಸ್ತೋಳಿ, ಕೋಂಗಳಾ, ತಳೇವಾಡಿಯಂಥ ಊರುಗಳಲ್ಲಿ ಮಳೆಗಾಲ ಬಂತೆಂದರೆ ದಾರಿ ಮುಚ್ಚುತ್ತದೆ. ಕಾಯಿಲೆಯವರನ್ನು ಡಾಂಬರು ರಸ್ತೆಯ ತನಕ ಹೆಗಲ ಮೇಲೆ ಹೊತ್ತು ತರಬೇಕು. ಧಾಮವಾದ ಮೇಲೆ ಹೊಸ ರಸ್ತೆಗೂ ಅನುಮತಿ ಕಷ್ಟ. 2025ರಲ್ಲಿ ತಳೇವಾಡಿಯ 27 ಕುಟುಂಬಗಳು ಊರು ಬಿಡಲು ಒಪ್ಪಿ, ಪರಿಹಾರದ ಮೊದಲ ಕಂತಾಗಿ ತಲಾ 10 ಲಕ್ಷ ರೂಪಾಯಿ ಪಡೆದವು. ಉಳಿದ 5 ಲಕ್ಷ ಮನೆ ಖಾಲಿ ಮಾಡಿದ ಮೇಲೆ ಎಂಬುದು ಆಗಿನ ಮಾತಾಗಿತ್ತು.