ವೈನ್ ಟೇಸ್ಟಿಂಗ್‌ನಲ್ಲಿ ಉಗುಳಿದರೆ ತಪ್ಪಾ?

ಪ್ರಶ್ನೆ: ಅಣ್ಣ-ಅತ್ತಿಗೆ ಜೊತೆ ನಂದಿ ಬೆಟ್ಟದ ಕಡೆ ಇರುವ ಒಂದು ಸಣ್ಣ ವೈನರಿಗೆ ಹೋಗಬೇಕು ಅಂತಿದ್ದೇವೆ. ಅಲ್ಲಿ ರುಚಿ ನೋಡಿ ಉಗುಳುತ್ತಾರಂತೆ, ನಿಜವೇ? ದುಡ್ಡು ಕೊಟ್ಟು ಹೋಗಿ ಉಗುಳೋದಾ? ವೈನ್ ಮಾಡಿದವರ ಎದುರಿಗೇ ಉಗುಳಿದರೆ ಅವರಿಗೆ ಬೇಜಾರಾಗಲ್ವಾ?

ಉತ್ತರ: ಬೇಜಾರಾಗಲ್ಲ. ಧಾರಾಳವಾಗಿ ಉಗುಳಿ. ವೈನ್ ಮಾಡುವವರು ದಿನವೂ ಮಾಡುವ ಕೆಲಸವೇ ಅದು. ಬೆಳಗ್ಗೆಯಿಂದ ಟ್ಯಾಂಕಿನಿಂದ ಟ್ಯಾಂಕಿಗೆ, ಪೀಪಾಯಿಯಿಂದ ಪೀಪಾಯಿಗೆ ರುಚಿ ನೋಡುತ್ತಾ ಹೋಗುವವರು ಎಲ್ಲವನ್ನೂ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಅದಕ್ಕೇ ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ. ನಮ್ಮ ಹಳೇ ಮನೆಗಳಲ್ಲಿ ಎಲೆ ಅಡಿಕೆ ಹಾಕುವವರ ಪಕ್ಕ ಪೀಕದಾನಿ ಇರುತ್ತಿತ್ತಲ್ಲ, ಹಾಗೆಯೇ. ಪಾತ್ರೆ ಕಾಣದಿದ್ದರೆ ಕೇಳಿ, ತಂದುಕೊಡುತ್ತಾರೆ. ಗ್ಲಾಸಿನಲ್ಲಿ ಉಳಿದದ್ದನ್ನೂ ಅದಕ್ಕೇ ಸುರಿಯಬಹುದು.

ಇದು ಬರೀ ಮರ್ಯಾದೆಯ ವಿಷಯ ಅಲ್ಲ, ಲೆಕ್ಕದ ವಿಷಯವೂ ಹೌದು. ಒಂದು ಸಲಕ್ಕೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಸುಪಾಸು. ನೋಡಿದರೆ ಏನೂ ಅನಿಸಲ್ಲ. ಆದರೆ ಐದು ಬಗೆಯ ವೈನ್ ರುಚಿ ನೋಡಿದರೆ 150 ಮಿಲಿ ಆಯ್ತು. ಶೇ 13ರಷ್ಟು ಆಲ್ಕೋಹಾಲ್ ಇರುವ ವೈನ್ ಆದರೆ, ಅದರಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಬೇಗ ಬೇಗ, ಅದೂ ಖಾಲಿ ಹೊಟ್ಟೆಯಲ್ಲಿ ಅಷ್ಟನ್ನೂ ನುಂಗಿದರೆ, 60 ಕೆಜಿ ತೂಕದ ಗಂಡಸಿನ 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 35ರಿಂದ 40 ಮಿಲಿಗ್ರಾಂವರೆಗೂ ಏರಬಹುದು. ಅದೇ ತೂಕದ ಹೆಂಗಸರಿಗೆ ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಮೀರಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಉಗುಳಿದರೂ ಬಾಯಿಯಿಂದ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಹಾಗಾಗಿ ನಿಮ್ಮ ಮೂವರಲ್ಲಿ ಕಾರು ಓಡಿಸುವವರು ಯಾರೆಂದು ಮನೆಯಲ್ಲೇ ತೀರ್ಮಾನಿಸಿ. ಅವರು ಮೂಸಿ ನೋಡಲಿ, ಅಷ್ಟೇ ಸಾಕು. ಎಲ್ಲರಿಗೂ ರುಚಿ ನೋಡುವ ಆಸೆ ಇದ್ದರೆ ಡ್ರೈವರ್ ಇರುವ ಗಾಡಿ ಮಾಡಿಕೊಳ್ಳಿ.

ಉಗುಳಿದರೆ ರುಚಿ ಹೇಗೆ ಗೊತ್ತಾಗುತ್ತೆ ಅನ್ನೋದು ನಿಮ್ಮ ಮನಸ್ಸಿನಲ್ಲಿ ಇರಬಹುದು. ವೈನಿನ ರುಚಿ ಅಂತ ನಾವು ಹೇಳುವುದರಲ್ಲಿ ಬಹುಪಾಲು ವಾಸನೆಯೇ. ಗ್ಲಾಸನ್ನು ಕೆಳಗಿನ ಕಡ್ಡಿಯಂಥ ಕಾಲಿನ ಕಡೆ ಹಿಡಿದು ಮೆಲ್ಲಗೆ ಸುತ್ತಿಸಿ, ಮೂಗು ಒಳಗಿಟ್ಟು ಮೂಸಿ. ಆಮೇಲೆ ಒಂದು ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬಾ ಓಡಾಡಿಸಿ. ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಸೊರ್ ಅಂತ ಸದ್ದು ಬಂದರೂ ಅಲ್ಲಿ ಯಾರೂ ತಿರುಗಿ ನೋಡಲ್ಲ. ಈಗ ಉಗುಳಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡಿ. ಬಾಯಲ್ಲಿ ಉಳಿದ ಪರಿಮಳ ಹಿಂದಿನಿಂದ ಮೂಗಿಗೆ ಏರುತ್ತದೆ. ಅದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಕೆಂಪು ವೈನ್ ಆದರೆ ಒಸಡು, ನಾಲಿಗೆ ಒಣಗಿದ ಹಾಗೆ ಒಗರು ಹಿಡಿಯುತ್ತದೆ. ಅದು ಹಣ್ಣಿನ ಸಿಪ್ಪೆ, ಬೀಜದಿಂದ ಬಂದದ್ದು. ಇದೆಲ್ಲ ತಿಳಿಯಲು ಗಂಟಲು ದಾಟಬೇಕಾಗಿಲ್ಲ. ಐದರಲ್ಲಿ ಒಂದು ತುಂಬಾ ಇಷ್ಟವಾದರೆ ಅದನ್ನು ಮಾತ್ರ ನುಂಗಿ.

ಮೂಗಿಗೇ ಇಷ್ಟು ಕೆಲಸ ಇರುವುದರಿಂದ ಅತ್ತಿಗೆಯವರಿಗೆ ಒಂದು ಮಾತು ಹೇಳಿ: ಅವತ್ತು ಮಲ್ಲಿಗೆ ಮುಡಿಯುವುದು ಬೇಡ. ಸೆಂಟು ಯಾರಿಗೂ ಬೇಡ. ಹೋಗುವ ಮುಂಚೆ ಗಟ್ಟಿ ಕಾಫಿ, ಏಲಕ್ಕಿ, ಖಾರದ ಮಿಕ್ಸ್ಚರ್ ತಿಂದು ಹೋದರೂ ಕಷ್ಟ. ಹಾಗಂತ ಹಸಿದು ಹೋಗಬೇಡಿ. ಎರಡು ಇಡ್ಲಿ ತಿಂದು, ನೀರು ಕುಡಿದು ಹೋಗಿ.

ಸಣ್ಣ ವೈನರಿಗೆ ಹೊರಟಿದ್ದೀರಿ ಅಂತ ಓದಿ ಖುಷಿಯಾಯಿತು. ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಕುಟುಂಬದವರು 1988ರಲ್ಲಿ ವೈನ್ ಕಂಪನಿ ಶುರು ಮಾಡಿದ ಮೇಲೆ, 2007ರಲ್ಲಿ ರಾಜ್ಯದ ವೈನ್ ನೀತಿ ಬಂದ ಮೇಲೆ ಆ ಸೀಮೆಯಲ್ಲಿ ಹಲವರು ವೈನ್‌ಗೆ ಕೈ ಹಾಕಿದರು. ಚಿಕ್ಕ ಜಾಗದಲ್ಲಿ ಗ್ಲಾಸಿಗೆ ಸುರಿಯುವವರೇ ತೋಟವನ್ನೂ ನೋಡಿಕೊಳ್ಳುವವರಾಗಿರಬಹುದು. ಅದಕ್ಕೇ ಮೊದಲೇ ಫೋನ್ ಮಾಡಿ ಹೋಗಿ, ಮತ್ತು ಮೊದಲು ತೋಟ ತೋರಿಸಿ ಅಂತ ಕೇಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಕೊಯ್ಲು ಸಿಗಬಹುದು. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಿಗೆ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ಇಲ್ಲಿ ಏಪ್ರಿಲ್ ಹೊತ್ತಿಗೆ ಒಂದು ಸಲ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬಳ್ಳಿಯ ರೆಂಬೆಗಳಿಗೆ ಕತ್ತರಿ ಹಾಕುತ್ತಾರೆ. ಕೊಯ್ಲು ಮಾತ್ರ ಒಂದೇ.

ಹಣ್ಣಿದ್ದರೆ ಕೇಳಿ ಒಂದು ತಿನ್ನಿ. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಬೀಜ ಜಾಸ್ತಿ. ಬೀಜವನ್ನೂ ಕಚ್ಚಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಕಟುಂ ಅಂದರೆ ಮಾಗಿದೆ, ಹಸಿರಾಗಿ ಕಹಿ ಇದ್ದರೆ ಮಾಗಲು ಇನ್ನೂ ದಿನ ಬೇಕು. ಪಕ್ಕದ ಹೊಲದಲ್ಲಿ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಇದ್ದರೆ ಅದನ್ನೂ ಕೇಳಿ ತಿಂದು ನೋಡಿ. ಸಿಪ್ಪೆ ಜಾರಿ ಬರುತ್ತದೆ, ಘಮ್ಮನೆ ಬೇರೆಯದೇ ವಾಸನೆ. ಆ ಎರಡನ್ನೂ ತಿಂದವರಿಗೆ ಆಮೇಲೆ ಗ್ಲಾಸಿನಲ್ಲಿ ಏನು ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಟೇಸ್ಟಿಂಗ್ ಆದ ಮೇಲೆ ಬಾಟಲಿ ಕೊಳ್ಳಲೇಬೇಕು ಅಂತೇನಿಲ್ಲ. ಹಿಡಿಸಿದರೆ ಕೊಳ್ಳಿ. ಸಣ್ಣ ವೈನರಿಯವರಿಗೆ ಒಂದೊಂದು ಬಾಟಲಿಯೂ ಆಸರೆ. ಕೊಂಡರೆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಆ ಕಾವಿಗೆ ವೈನ್ ಕೆಡುತ್ತದೆ. ಊಟ ಮುಗಿಸಿ ವಾಪಸ್ ಬರುವವರೆಗೂ ವೈನರಿಯವರಿಗೆ ನಿಮ್ಮ ಕೋಣೆಯಲ್ಲೇ ಇಟ್ಟುಕೊಳ್ಳಿ ಅಂದರೆ ಇಟ್ಟುಕೊಳ್ಳುತ್ತಾರೆ.